ಕಾಯುವ ಹೊತ್ತಿನ ಲೆಕ್ಕ: ಕ್ಯಾಲಿಫೋರ್ನಿಯದ ಖಾಸಗಿ ಆಂಬುಲೆನ್ಸ್ ನೌಕರರ ವಿರಾಮದ ವಿವಾದ

ತುರ್ತು ಆಂಬುಲೆನ್ಸ್ ನೌಕರರ ದುಡಿಮೆಯ ಸ್ಥಿತಿಗತಿಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಸಂಬಳ, ಪಾಳಿಯ ಉದ್ದ, ಮಾನಸಿಕ ಒತ್ತಡ ಎಂಬ ಮೂರರ ಸುತ್ತ ಸುತ್ತುತ್ತದೆ. ಈ ಮೂರರ ಬುಡದಲ್ಲಿಯೂ ಇದ್ದು ಪ್ರತ್ಯೇಕವಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ ಕಾಯುವಿಕೆ. ಕರೆ ಬರುವವರೆಗೆ ವಾಹನದಲ್ಲಿ ಸಿದ್ಧರಾಗಿ ಕುಳಿತಿರುವುದು ಈ ವೃತ್ತಿಯ ಗಣನೀಯ ಭಾಗವಾಗಿದ್ದು, ಆ ಹೊತ್ತು ದುಡಿಮೆಗೆ ಸೇರಿದ್ದೋ ವಿಶ್ರಾಂತಿಗೆ ಸೇರಿದ್ದೋ ಎಂಬುದನ್ನು ಕಾನೂನು, ಕಂಪನಿ ಮತ್ತು ನೌಕರರು ಬೇರೆಬೇರೆ ಬಗೆಯಲ್ಲಿ ಅರ್ಥೈಸುತ್ತ ಬಂದಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2016ರಿಂದ 2018ರವರೆಗೆ ಹತ್ತು ನಿಮಿಷದ ವಿರಾಮವೊಂದರ ಸುತ್ತ ನಡೆದ ವಿವಾದವು ಈ ಗೊಂದಲವನ್ನು ಬಯಲಿಗೆ ತಂದ ಪ್ರಕರಣ. ತುರ್ತು ಸೇವೆಯಿಂದ ಸಮಾಜ ಬಯಸುವುದು ಸನ್ನದ್ಧತೆಯನ್ನು, ಆದರೆ ಅದು ಹಣ ತೆರುವುದು ರೋಗಿಯ ಸಾಗಣೆಗೆ ಮಾತ್ರ. ಇವೆರಡರ ನಡುವಿನ ಕೊರತೆ ತುಂಬುತ್ತಿರುವುದು ನೌಕರರ ಬಿಡುವಿನಿಂದ ಎಂಬುದು ಪ್ರಸ್ತುತ ಲೇಖನದ ವಾದ.

ಅಮೆರಿಕದ ಆಂಬುಲೆನ್ಸ್‌ಗಳಲ್ಲಿ ಮುಖ್ಯವಾಗಿ ಎರಡು ದರ್ಜೆಯ ಸಿಬ್ಬಂದಿ ಇರುತ್ತಾರೆ. ಉಸಿರಾಟ, ರಕ್ತಸ್ರಾವ, ಮೂಳೆಮುರಿತ ಮುಂತಾದವುಗಳ ಪ್ರಾಥಮಿಕ ಆರೈಕೆಯನ್ನು ಕೆಲವು ತಿಂಗಳ ತರಬೇತಿಯಿಂದ ಕಲಿತವರು ಇಎಂಟಿಗಳು, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞರು; ಸಾವಿರ ಗಂಟೆಗೂ ಮೀರಿದ ತರಬೇತಿ ಪಡೆದು, ರಕ್ತನಾಳಕ್ಕೆ ಔಷಧ ಕೊಡುವ, ಹೃದಯದ ಇಸಿಜಿ ಓದುವ, ಶ್ವಾಸನಾಳಕ್ಕೆ ಕೊಳವೆ ಹಾಕುವ ಅಧಿಕಾರ ಹೊಂದಿದವರು ಪ್ಯಾರಾಮೆಡಿಕ್‌ಗಳು. ರಸ್ತೆ ಅಪಘಾತದ ಸಾವುಗಳನ್ನು ನಿರ್ಲಕ್ಷಿತ ಪಿಡುಗೆಂದು ಬಣ್ಣಿಸಿದ 1966ರ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿಯ ಬೆನ್ನಿಗೆ ಈ ವೃತ್ತಿ ರೂಪುಗೊಂಡಿತು. 1970ರಲ್ಲಿ ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದ ವೆಡ್‌ವರ್ತ್–ಟೌನ್‌ಸೆಂಡ್ ಕಾಯ್ದೆಯು ಕ್ಯಾಲಿಫೋರ್ನಿಯದಲ್ಲಿ ಪ್ಯಾರಾಮೆಡಿಕ್‌ಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ವೃತ್ತಿಯ ಜವಾಬ್ದಾರಿ ಬೆಳೆದಷ್ಟು ಸಂಬಳ ಬೆಳೆಯಲಿಲ್ಲ. ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2018ರಲ್ಲಿ ಇಎಂಟಿ ಮತ್ತು ಪ್ಯಾರಾಮೆಡಿಕ್‌ಗಳ ವಾರ್ಷಿಕ ಸಂಬಳದ ಮಧ್ಯಾಂಕ, ಅಂದರೆ ಅರ್ಧದಷ್ಟು ನೌಕರರು ಅದಕ್ಕಿಂತ ಕಡಿಮೆ ಪಡೆಯುತ್ತಿದ್ದ ಮೊತ್ತ, 34,320 ಡಾಲರ್ ಆಗಿತ್ತು.

ಕ್ಯಾಲಿಫೋರ್ನಿಯದಲ್ಲಿ ಬೆಂಕಿ ನಂದಿಸುವವರು ಬಹುಪಾಲು ಸರ್ಕಾರಿ ನೌಕರರಾದರೆ, ತುರ್ತು ಆಂಬುಲೆನ್ಸ್ ಓಡಿಸುವವರು ಹೆಚ್ಚಾಗಿ ಖಾಸಗಿ ಕಂಪನಿಗಳವರು. ಅಲ್ಲಿನ ಕೌಂಟಿ, ಅಂದರೆ ಜಿಲ್ಲಾಡಳಿತ, ತನ್ನ ವ್ಯಾಪ್ತಿಯ ಒಂದು ಭಾಗವನ್ನು ಒಂದೇ ಕಂಪನಿಗೆ ಏಕಸ್ವಾಮ್ಯ ಪ್ರದೇಶವೆಂದು ಗುತ್ತಿಗೆ ಕೊಡಬಹುದು. ಹೀಗೆ ಪಡೆದ ಕಂಪನಿ ನಿಗದಿತ ಅವಧಿಯೊಳಗೆ ಸ್ಥಳ ತಲುಪಬೇಕು, ತಪ್ಪಿದರೆ ದಂಡ ತೆರಬೇಕು. ಕರೆಗಳ ಪೈಕಿ ನೂರಕ್ಕೆ 90ರಲ್ಲಿ 8 ನಿಮಿಷ 59 ಸೆಕೆಂಡಿನೊಳಗೆ ತಲುಪುವುದು ಅಮೆರಿಕದ ನಗರಗಳಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದ ಅಳತೆ. ಆದರೆ ವಯೋವೃದ್ಧರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಹಣ ಕೊಡುವ ಲೆಕ್ಕ ಬೇರೆಯೇ ಆಗಿದೆ. ರೋಗಿಯನ್ನು ಹೊತ್ತೊಯ್ದರೆ ಒಂದು ಮೂಲದರ, ಕ್ರಮಿಸಿದ ಮೈಲಿಗಿಷ್ಟೆಂದು ಇನ್ನೊಂದು ದರ. ಹೋಗಿ ನೋಡಿ ಚಿಕಿತ್ಸೆ ಕೊಟ್ಟು ಮನೆಯಲ್ಲೇ ಬಿಟ್ಟುಬಂದರೆ ಸಾಮಾನ್ಯವಾಗಿ ಏನೂ ಇಲ್ಲ, ಕಾದು ಕುಳಿತ ಹೊತ್ತಿಗಂತೂ ಪ್ರತ್ಯೇಕ ದರವೇ ಇಲ್ಲ. ಹೀಗಾಗಿ ಕಂಪನಿಯ ಪಾಲಿಗೆ ನಿಂತ ವಾಹನ ಖರ್ಚಿನ ಬಾಬತ್ತು. ಅದೇ ವಾಹನ ಹತ್ತಿರದಲ್ಲಿ ನಿಂತಿಲ್ಲದಿದ್ದರೆ ದಂಡದ ಬಾಬತ್ತು.

ಈ ಇಕ್ಕಟ್ಟಿನಿಂದ ಹೊರಬರಲು 1980ರ ದಶಕದಲ್ಲಿ ಜ್ಯಾಕ್ ಸ್ಟೌಟ್ ಎಂಬ ಅರ್ಥಶಾಸ್ತ್ರಜ್ಞರು ಪ್ರಚಾರಕ್ಕೆ ತಂದ ವಿಧಾನವೊಂದು ಉದ್ಯಮದಲ್ಲಿ ಬೇರೂರಿತು. ದಿನದ ಯಾವ ಗಂಟೆಯಲ್ಲಿ ಯಾವ ಬಡಾವಣೆಯಿಂದ ಕರೆ ಬರುವ ಸಂಭವ ಹೆಚ್ಚೆಂದು ಹಿಂದಿನ ಕರೆಗಳಿಂದ ಅಂದಾಜಿಸಿ, ಅದಕ್ಕೆ ತಕ್ಕಂತೆ ವಾಹನಗಳನ್ನು ಠಾಣೆಯ ಬದಲು ರಸ್ತೆಯ ಮೂಲೆಗಳಲ್ಲಿ, ವಾಹನ ನಿಲುಗಡೆಯ ಜಾಗಗಳಲ್ಲಿ ನಿಲ್ಲಿಸುವುದು ಅದರ ತಿರುಳು. ಒಂದು ವಾಹನ ಕರೆಗೆ ಹೋದೊಡನೆ ಉಳಿದವು ಖಾಲಿಯಾದ ಜಾಗ ತುಂಬಲು ಸರಿಯುತ್ತವೆ. ಗಣಿತದ ದೃಷ್ಟಿಯಿಂದ ಇದು ಜಾಣ ವ್ಯವಸ್ಥೆಯೇ ಹೌದು. ಆದರೆ ಇದರಲ್ಲಿ ಕರೆಯಿಲ್ಲದ ಹೊತ್ತಿಗೂ ಸ್ಥಿರತೆಯಿಲ್ಲ. ಊಟದ ಡಬ್ಬಿ ತೆರೆದ ನೌಕರರು ಯಾರ ಜೀವ ಉಳಿಸುವುದಕ್ಕೂ ಅಲ್ಲದೆ, ಕೇವಲ ಎರಡು ಮೈಲಿ ಆಚೆ ಹೋಗಿ ಮತ್ತೆ ನಿಲ್ಲುವುದಕ್ಕಾಗಿ ಡಬ್ಬಿ ಮುಚ್ಚಬೇಕಾಗುತ್ತದೆ.

ಹಳೆಯ ನಿಯಮಗಳಿಗೆ ಈ ಬದಲಾವಣೆಯ ಅರಿವಿರಲಿಲ್ಲ. ಸಾರಿಗೆ ಉದ್ಯಮಕ್ಕೆ ಅನ್ವಯಿಸುವ ಕ್ಯಾಲಿಫೋರ್ನಿಯದ ವೇತನ ಆದೇಶವು 24 ಗಂಟೆಯ ಪಾಳಿಯ ಆಂಬುಲೆನ್ಸ್ ನೌಕರರು ಲಿಖಿತವಾಗಿ ಒಪ್ಪಿದರೆ ತಲಾ ಒಂದು ಗಂಟೆ ಮೀರದ ಮೂರು ಊಟದ ಅವಧಿಗಳನ್ನೂ ಎಂಟು ಗಂಟೆ ಮೀರದ ಅಡೆತಡೆಯಿಲ್ಲದ ನಿದ್ರೆಯನ್ನೂ ದುಡಿಮೆಯ ಲೆಕ್ಕದಿಂದ ಬಿಡಲು ಅವಕಾಶ ಕೊಡುತ್ತದೆ. ಬದಲಿಗೆ ಮಲಗುವ ಮತ್ತು ಅಡುಗೆ ಮಾಡಿಕೊಳ್ಳುವ ಅನುಕೂಲವನ್ನು ಮಾಲೀಕರು ಒದಗಿಸಬೇಕು. ಹಾಸಿಗೆ ಮತ್ತು ಒಲೆಯಿರುವ ಠಾಣೆಯೊಂದನ್ನು ಕಣ್ಣಮುಂದಿಟ್ಟುಕೊಂಡು ಬರೆದ ನಿಯಮವಿದು. ರಸ್ತೆಯ ಮೂಲೆಯಲ್ಲಿ ಎಂಜಿನ್ ಚಾಲೂ ಇಟ್ಟು ಹನ್ನೆರಡು ಗಂಟೆ ಕಳೆಯುವ ಸಿಬ್ಬಂದಿಗೆ ಸಂಬಂಧಪಟ್ಟ ಕಾನೂನು ರಾಜ್ಯದ ಸಾಮಾನ್ಯ ಕಾರ್ಮಿಕ ನಿಯಮ: ಐದು ಗಂಟೆ ಮೀರಿದ ದುಡಿಮೆಗೆ ಅರ್ಧ ಗಂಟೆಯ ಊಟದ ಬಿಡುವು, ಪ್ರತಿ ನಾಲ್ಕು ಗಂಟೆಗೆ ಸಂಬಳಸಹಿತ ಹತ್ತು ನಿಮಿಷದ ವಿರಾಮ, ಇವುಗಳನ್ನು ಕೊಡದ ದಿನಕ್ಕೆ ಒಂದು ಗಂಟೆಯ ಹೆಚ್ಚುವರಿ ಸಂಬಳ.

ಈ ಹತ್ತು ನಿಮಿಷದ ಅರ್ಥವನ್ನು ನಿರ್ಧರಿಸಿದ ಪ್ರಕರಣ ಆಂಬುಲೆನ್ಸ್‌ಗೆ ಸೇರಿದ್ದಲ್ಲ. ಎಬಿಎಂ ಎಂಬ ಭದ್ರತಾ ಕಂಪನಿಯ ಕಾವಲುಗಾರರು ವಿರಾಮದಲ್ಲಿಯೂ ರೇಡಿಯೊ ಮತ್ತು ಪೇಜರ್ ಚಾಲೂ ಇಟ್ಟುಕೊಂಡು ಅಗತ್ಯ ಬಿದ್ದರೆ ಓಗೊಡಬೇಕೆಂಬ ಷರತ್ತನ್ನು ಪ್ರಶ್ನಿಸಿದ್ದರು. 2016ರ ಡಿಸೆಂಬರ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಕರೆಗೆ ಸಿದ್ಧವಾಗಿರಬೇಕಾದ ವಿರಾಮ ವಿರಾಮವೇ ಅಲ್ಲವೆಂದು ತೀರ್ಪಿತ್ತು, ವಿಚಾರಣಾ ನ್ಯಾಯಾಲಯ ಕೊಡಿಸಿದ್ದ ಸುಮಾರು 9 ಕೋಟಿ ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ಈ ತರ್ಕಕ್ಕೆ ಹಿನ್ನೆಲೆಯಾಗಿ 1944ರ ಸ್ಕಿಡ್‌ಮೋರ್ ಪ್ರಕರಣವನ್ನು ನೆನೆಯಬಹುದು. ಟೆಕ್ಸಾಸ್‌ನ ಮಾಂಸದ ಕಾರ್ಖಾನೆಯೊಂದರಲ್ಲಿ ರಾತ್ರಿಯಿಡೀ ಬೆಂಕಿಯ ಗಂಟೆಗಾಗಿ ಕಾಯುತ್ತಿದ್ದ ಏಳು ನೌಕರರ ಆ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕಾಯುವ ಹೊತ್ತು ಕೆಲವು ಸಂದರ್ಭಗಳಲ್ಲಿ ದುಡಿಮೆಯೇ ಆಗಬಹುದೆಂದು ಒಪ್ಪಿತ್ತು. ಕಾಯುವುದಕ್ಕಾಗಿಯೇ ನೇಮಕವಾದವರು ಬೇರೆ, ಕೆಲಸ ಸಿಗಲೆಂದು ಕಾಯುವವರು ಬೇರೆ ಎಂಬ ವಿವೇಚನೆ ಅಂದಿನಿಂದ ಅಮೆರಿಕದ ಕಾರ್ಮಿಕ ನ್ಯಾಯದಲ್ಲಿ ಉಳಿದುಬಂದಿದೆ.

ಕಾವಲುಗಾರರ ತೀರ್ಪು ತಮಗೂ ಅನ್ವಯಿಸಬಹುದೆಂಬುದು ಆಂಬುಲೆನ್ಸ್ ಕಂಪನಿಗಳಿಗೆ ಕೂಡಲೇ ತಿಳಿಯಿತು. ಇಂಥದೇ ಮೊಕದ್ದಮೆಗಳು ಅವುಗಳ ವಿರುದ್ಧವೂ ನಡೆಯುತ್ತಿದ್ದವು. ಶಾಸಕಾಂಗದ ವಿಶ್ಲೇಷಣಾ ಕಚೇರಿಯು ತೀರ್ಪನ್ನು ಪಾಲಿಸಬೇಕಾದರೆ ಕಂಪನಿಗಳು ಸುಮಾರು ಕಾಲುಭಾಗದಷ್ಟು ಹೆಚ್ಚು ಆಂಬುಲೆನ್ಸ್‌ಗಳನ್ನು ಓಡಿಸಬೇಕಾಗುವುದೆಂದೂ, ವರ್ಷಕ್ಕೆ 10 ಕೋಟಿ ಡಾಲರ್‌ಗೂ ಮೀರಿದ ವೆಚ್ಚ ಬೀಳುವುದೆಂದೂ ಅಂದಾಜಿಸಿತು. ಈ ಅಂದಾಜನ್ನು ಉದ್ಯಮದ ಮೇಲೆ ಬೀಳುವ ಹೊರೆಯೆಂದು ಓದುವುದು ವಾಡಿಕೆ. ಅದನ್ನೇ ತಿರುಗಿಸಿ ಓದಿದರೆ, ಅಷ್ಟೊಂದು ವಾಹನಗಳ ಕೆಲಸವನ್ನು ಅಲ್ಲಿಯವರೆಗೆ ನೌಕರರ ಹತ್ತು ಹತ್ತು ನಿಮಿಷಗಳು ಬಿಟ್ಟಿಯಾಗಿ ಮಾಡುತ್ತಿದ್ದವು ಎಂದಾಗುತ್ತದೆ.

ಮುಂದಿನ ಹೆಜ್ಜೆ ನ್ಯಾಯಾಲಯದಿಂದ ಮತಪೆಟ್ಟಿಗೆಗೆ ಹೊರಳಿತು. ಕ್ಯಾಲಿಫೋರ್ನಿಯದಲ್ಲಿ ನಿಗದಿತ ಸಂಖ್ಯೆಯ ಸಹಿ ಸಂಗ್ರಹಿಸಿದವರು ಕಾಯ್ದೆಯೊಂದನ್ನು ನೇರವಾಗಿ ಮತದಾರರ ಮುಂದಿಡಬಹುದು. ದೇಶದ ಅತಿ ದೊಡ್ಡ ಖಾಸಗಿ ಆಂಬುಲೆನ್ಸ್ ಕಂಪನಿಯಾದ ಅಮೆರಿಕನ್ ಮೆಡಿಕಲ್ ರೆಸ್ಪಾನ್ಸ್ ಸುಮಾರು 3 ಕೋಟಿ ಡಾಲರ್ ವೆಚ್ಚ ಮಾಡಿ, 2018ರಲ್ಲಿ ಹೀಗೆ ಮತಕ್ಕೆ ಬಂದ 11ನೆಯ ಪ್ರಸ್ತಾವವನ್ನು ಬೆಂಬಲಿಸಿತು. ಅದೇ ವರ್ಷ ಆ ಕಂಪನಿ ಸುಮಾರು 240 ಕೋಟಿ ಡಾಲರ್‌ಗೆ ಹೂಡಿಕೆ ಸಂಸ್ಥೆಯೊಂದರ ಸಮೂಹಕ್ಕೆ ಮಾರಾಟವಾಗಿತ್ತೆಂಬುದನ್ನೂ ಇಲ್ಲಿ ಗಮನಿಸಬಹುದು. ಅಷ್ಟು ಹಣದ ಎದುರು ಹೇಳಿಕೊಳ್ಳುವಂಥ ಪ್ರತಿಪ್ರಚಾರ ನಡೆಯಲಿಲ್ಲ. 2018ರ ನವೆಂಬರ್ 6ರಂದು ನೂರಕ್ಕೆ ಸುಮಾರು 60 ಮತಗಳಿಂದ ಪ್ರಸ್ತಾವ ಅಂಗೀಕಾರವಾಯಿತು.

ಈ ಕಾಯ್ದೆಯ ಪ್ರಕಾರ ಖಾಸಗಿ ಆಂಬುಲೆನ್ಸ್ ನೌಕರರು ಪಾಳಿಯುದ್ದಕ್ಕೂ, ವಿರಾಮದಲ್ಲಿಯೂ, ಸಂಪರ್ಕಕ್ಕೆ ಸಿಗಬೇಕು. ವಿರಾಮದ ನಡುವೆ ಕರೆ ಬಂದರೆ ಆ ವಿರಾಮ ಲೆಕ್ಕಕ್ಕೆ ಬಾರದೆ ಮತ್ತೊಂದನ್ನು ಕೊಡಬೇಕು. ಊಟದ ಬಿಡುವಿಗೂ ಸಂಬಳವಿರಬೇಕು. ಪಾಳಿಯ ಮೊದಲ ಅಥವಾ ಕೊನೆಯ ಗಂಟೆಯಲ್ಲಿ ಊಟದ ಬಿಡುವನ್ನು ತುರುಕಬಾರದು. ಸಾಮೂಹಿಕ ಗುಂಡಿನ ದಾಳಿ ಮತ್ತು ಪ್ರಕೃತಿ ವಿಕೋಪಗಳನ್ನು ಎದುರಿಸುವ ತರಬೇತಿ, ವರ್ಷಕ್ಕೆ ಹತ್ತರವರೆಗೆ ಮಾನಸಿಕ ಆರೋಗ್ಯ ಚಿಕಿತ್ಸೆಯ ಭೇಟಿಗಳು ಕಂಪನಿಯ ಖರ್ಚಿನಲ್ಲಿ ದೊರೆಯಬೇಕು. ಇವು ನಿಜವಾದ ಲಾಭಗಳೇ, ಅಲ್ಲಗಳೆಯುವಂತಿಲ್ಲ. ಆದರೆ ಇದು ಮೊದಲಿನಿಂದಲೂ ಇದ್ದ ಕಾನೂನಿನ ಸ್ಪಷ್ಟೀಕರಣವೆಂದು ಘೋಷಿಸಿಕೊಂಡು, ಇತ್ಯರ್ಥವಾಗದೆ ಉಳಿದಿದ್ದ ಹಳೆಯ ಮೊಕದ್ದಮೆಗಳ ಬಾಗಿಲನ್ನೂ ಮುಚ್ಚಲು ಕಾಯ್ದೆ ಹೊರಟಿದ್ದು ಅದರ ಮುಖ್ಯ ಉದ್ದೇಶವನ್ನು ತೋರಿಸಿಕೊಡುತ್ತದೆ. ಆತಂಕದ ಘಟನೆಗಳ ನಂತರದ ಚಿಕಿತ್ಸೆಗೆ ಹಕ್ಕು ಸಿಕ್ಕಿತು, ಆತಂಕವಿಲ್ಲದ ಹತ್ತು ನಿಮಿಷಕ್ಕೆ ಸಿಗಲಿಲ್ಲ.

ಕಾಯುವಿಕೆಗೆ ಇನ್ನೊಂದು ಮುಖವಿದೆ. ರೋಗಿಯನ್ನು ಕರೆತಂದ ಸಿಬ್ಬಂದಿ, ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಾಗುವವರೆಗೆ ಸ್ಟ್ರೆಚರಿನ ಪಕ್ಕದಲ್ಲಿ ಗೋಡೆಗೊರಗಿ ನಿಲ್ಲಬೇಕಾಗುತ್ತದೆ. ನೌಕರರ ಮಾತಿನಲ್ಲಿ ಇದು ‘ಗೋಡೆ ಸಮಯ’. ರೋಗಿಯ ಹೊಣೆ ಆಸ್ಪತ್ರೆಗೆ ವರ್ಗವಾಗಿರುವುದಿಲ್ಲ, ಆದ್ದರಿಂದ ಇದು ಬಿಡುವಲ್ಲ. ವಾಹನ ಲಭ್ಯವಿರುವುದಿಲ್ಲ, ಆದ್ದರಿಂದ ಸನ್ನದ್ಧತೆಯೂ ಅಲ್ಲ. ಆಸ್ಪತ್ರೆಯ ಸಿಬ್ಬಂದಿ ಕೊರತೆಯನ್ನು ಆಂಬುಲೆನ್ಸಿನವರು ಹೊತ್ತುಕೊಳ್ಳುವ ಈ ಪರಿಪಾಠಕ್ಕೆ 2023ರಲ್ಲಿ ಅಂಗೀಕಾರವಾದ ರಾಜ್ಯ ಕಾಯ್ದೆಯೊಂದು, ನೂರಕ್ಕೆ 90 ಸಂದರ್ಭಗಳಲ್ಲಿ 30 ನಿಮಿಷ ಮೀರದಂತೆ ರೋಗಿಯನ್ನು ವಶಕ್ಕೆ ಪಡೆಯಬೇಕೆಂಬ ಮಿತಿ ಹಾಕಿತು. ಅದನ್ನು ಮಂಡಿಸಿದ ಶಾಸಕ ಫ್ರೆಡ್ಡಿ ರೋಡ್ರಿಗೆಜ್ ರಾಜಕಾರಣಕ್ಕೆ ಬರುವ ಮೊದಲು ಬಹುಕಾಲ ಇಎಂಟಿಯಾಗಿ ದುಡಿದವರು.

ಕಾಯುವ ಹೊತ್ತು ದುಡಿಮೆಯೇ ಎಂಬ ಪ್ರಶ್ನೆ ಭಾರತದ ಕಾನೂನಿಗೂ ಅಪರಿಚಿತವಾದದ್ದಲ್ಲ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದುಡಿಮೆಯ ಗಂಟೆಯೆಂದರೆ ಕಾರ್ಮಿಕನು ಮಾಲೀಕನ ಅಧೀನದಲ್ಲಿರುವ ಹೊತ್ತೆಂದು ಮೊದಲು ಹೇಳಿ, ‘ಬರಿಯ ಹಾಜರಿ’ ಎಂಬ ಇನ್ನೊಂದು ವರ್ಗವನ್ನೂ ಗುರುತಿಸಿತ್ತು. ಬರಬಹುದಾದ ಕರೆಗೆ ಓಗೊಡಲೆಂದೇ ತನ್ನ ಸ್ಥಳದಲ್ಲಿ ಉಳಿದಿರುವ ಹೊತ್ತು ಅದು. ನಿಲ್ದಾಣದಲ್ಲಿ ಅದು ಹದಿನೈದು ನಿಮಿಷಕ್ಕಿಂತ ಕಡಿಮೆಯಿದ್ದರೆ ದುಡಿಮೆಗೆ ಸೇರುತ್ತಿತ್ತು. ಬಸ್ಸು, ಲಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಈ ಮಾತು ಆಂಬುಲೆನ್ಸಿಗೆ ಅಳವಡುವುದು ಕಷ್ಟವಾಗಿತ್ತು, ಯಾಕೆಂದರೆ ಅಲ್ಲಿ ಬರಿಯ ಹಾಜರಿಯೇ ಸೇವೆಯ ಅರ್ಧಭಾಗ. ಅಲ್ಲದೆ ಕಾಯ್ದೆ ಅನ್ವಯಿಸುತ್ತಿದ್ದುದು ಬಾಡಿಗೆ ಅಥವಾ ಪ್ರತಿಫಲಕ್ಕೆ ಸಾಗಿಸುವ, ಐದು ಅಥವಾ ಹೆಚ್ಚು ಕಾರ್ಮಿಕರಿರುವ ಉದ್ಯಮಕ್ಕೆ. ದೊಡ್ಡ ಆಸ್ಪತ್ರೆಗಳ ಎದುರು ನಿಲ್ಲುವ, ಒಂದೋ ಎರಡೋ ವಾಹನವಿರುವ ಮಾಲೀಕರ ಚಾಲಕರು ಆ ಸಂಖ್ಯೆಯಿಂದಲೇ ಹೊರಗುಳಿಯುತ್ತಿದ್ದರು. ರೋಗಿಯಿಂದ ಏನನ್ನೂ ಪಡೆಯದ 108 ಆಂಬುಲೆನ್ಸ್ ಸೇವೆಯಲ್ಲಿ, ಅದನ್ನು ನಡೆಸುವ ಸಂಸ್ಥೆಗೆ ಸರ್ಕಾರ ಕೊಡುವ ಹಣವನ್ನು ಪ್ರತಿಫಲವೆನ್ನಬೇಕೇ ಎಂಬುದೂ ವ್ಯಾಖ್ಯಾನಕ್ಕೆ ಬಿಟ್ಟ ವಿಷಯವಾಗಿತ್ತು.

ಕರ್ನಾಟಕದಲ್ಲಿ 2008ರ ನವೆಂಬರ್‌ನಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಆರಂಭವಾದ 108 ಸೇವೆಯು ಸರ್ಕಾರದ ಹಣದಿಂದ ಹೊರಗಿನ ಸಂಸ್ಥೆಯೊಂದರ ಮೂಲಕ ನಡೆದುಬಂದದ್ದು. ವಾಹನದಲ್ಲಿ ಒಬ್ಬ ಇಎಂಟಿ, ಮತ್ತು ‘ಪೈಲಟ್’ ಎಂದು ಕರೆಯಲಾಗುವ ಒಬ್ಬ ಚಾಲಕ ಇರುತ್ತಾರೆ. ಸಾಗಣೆಯ ದರದ ಒತ್ತಡ ಇಲ್ಲಿಲ್ಲ, ಸನ್ನದ್ಧತೆಯನ್ನು ಸರ್ಕಾರವೇ ಕೊಳ್ಳುತ್ತದೆ. ಆದರೂ ಕೊಳ್ಳುವವರು ಎಣಿಸುವುದು ವಾಹನಗಳನ್ನಾದರೆ ನೌಕರರ ಬಿಡುವು ಮತ್ತೆ ಲೆಕ್ಕದಾಚೆಯೇ ಉಳಿಯುತ್ತದೆ. ಒಂದು ಆಂಬುಲೆನ್ಸ್ ವಾರದ 168 ಗಂಟೆಯೂ ನಿಂತಿರಬೇಕು ಎಂದಿಟ್ಟುಕೊಂಡರೆ, ವಾರಕ್ಕೆ 48 ಗಂಟೆಯ ಮಿತಿಯಲ್ಲಿ ಒಂದು ಆಸನಕ್ಕೆ ಮೂರೂವರೆ ಜನ ಬೇಕು, ಎರಡು ಆಸನಕ್ಕೆ ಏಳು ಜನ. ರಜೆ, ಕಾಯಿಲೆ, ತರಬೇತಿಯ ದಿನಗಳನ್ನು ಸೇರಿಸಿದರೆ ಏಳೂ ಸಾಲದು. ಹನ್ನೆರಡು ಗಂಟೆಯ ಎರಡು ಪಾಳಿಗಳಲ್ಲಿ, ಬದಲಿ ಸಿಬ್ಬಂದಿಯಿಲ್ಲದೆ, ನಾಲ್ವರಿಂದಲೇ ನಡೆಸಿದರೆ ಪ್ರತಿಯೊಬ್ಬರ ಪಾಲಿಗೆ ಬರುವುದು ವಾರಕ್ಕೆ 84 ಗಂಟೆ. ಆಂಬುಲೆನ್ಸ್ ಗುತ್ತಿಗೆಯ ಯಾವುದೇ ದಾಖಲೆಯನ್ನು ಪರಿಶೀಲಿಸುವವರು ವಾಹನಗಳ ಸಂಖ್ಯೆಗಿಂತ ಮೊದಲು ಹುಡುಕಬೇಕಾದದ್ದು, ಒಂದು ವಾಹನಕ್ಕೆ ಎಷ್ಟು ಜನರ ಸಂಬಳವನ್ನು ಅದರಲ್ಲಿ ಹಿಡಿಯಲಾಗಿದೆ ಎಂಬ ಸಾಲನ್ನು.