ಕುದುರೆಮುಖಕ್ಕೆ ಹಾಕಿದ ಪ್ಲಾನುಗಳು

ಶುಕ್ರವಾರ ರಾತ್ರಿ ಹತ್ತರ ಮೇಲೆ ಯಶವಂತಪುರದಿಂದ ಗೊರಗುಂಟೆಪಾಳ್ಯದ ಸಿಗ್ನಲ್‌ವರೆಗೆ ಒಮ್ಮೆ ನಡೆದು ನೋಡಿ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆಯ ಹುಡುಗ ಹುಡುಗಿಯರು ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು ಟಿಟಿ ಬರೋದನ್ನೇ ಕಾಯ್ತಿರ್ತಾರೆ. ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿದರೆ ಬೆಳಗಾಗುವಷ್ಟರಲ್ಲಿ ಕಳಸ. ಅಲ್ಲಿಂದ ಸಂಸೆ, ಬಾಳೆಗಲ್, ಆಮೇಲೆ ಜೀಪು ಹತ್ತಿದರೆ ಮುಳ್ಳೋಡಿ. ಮುಂದೆ ಕಾಲ್ನಡಿಗೆ. ಹತ್ತಿ ಇಳಿಯೋದು ಸೇರಿ ಸುಮಾರು 20 ಕಿಲೋಮೀಟರ್. ಭಾನುವಾರ ರಾತ್ರಿಗೆ ವಾಪಸ್ ಹೊರಟು, ಸೋಮವಾರ ಆಫೀಸು. ಇದು ಈಗಿನವರು ಕುದುರೆಮುಖಕ್ಕೆ ಹಾಕುವ ಪ್ಲಾನು.

ಈ ಬೆಟ್ಟಕ್ಕೆ ಪ್ಲಾನು ಹಾಕಿದವರಲ್ಲಿ ನಾವೇನೂ ಮೊದಲಿಗರಲ್ಲ. ನಮಗಿಂತ ಮುಂಚೆ ಬೇರೆ ಬೇರೆಯವರು ಬೇರೆ ಬೇರೆ ಪ್ಲಾನು ಹಾಕಿದ್ದಾರೆ. ಅವುಗಳಲ್ಲಿ ಒಂದೆರಡು ಅಂದುಕೊಂಡ ಹಾಗೇ ನಡೆದಿದ್ದರೆ ನಾವು ಹತ್ತಲು ಹೊರಟಿರುವ ಕಾಡು ಹೀಗಿರುತ್ತಿರಲಿಲ್ಲ.

ಹೆಸರಿನಿಂದಲೇ ಶುರು ಮಾಡೋಣ. ಶಿಖರ ಕುದುರೆಯ ಮುಖದ ಹಾಗೆ ಕಾಣುವುದು ಒಂದು ದಿಕ್ಕಿನಿಂದ ನೋಡಿದಾಗ. ಘಟ್ಟದ ಕೆಳಗಿನವರಿಗೆ, ಅದರಲ್ಲೂ ಕಡಲಿನಲ್ಲಿ ಹೋಗಿ ಬರುವವರಿಗೆ, ಇದು ದಾರಿ ತೋರುವ ಗುರುತಾಗಿತ್ತು. ಸುಮಾರು 1,890 ಮೀಟರ್ ಎತ್ತರದ ಬೆಟ್ಟ, ಕಾಣದೆ ಇರುತ್ತದೆಯೇ? ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದ ಅಧಿಕಾರಿಗಳು ಕೆಳಗಿನ ಸೆಕೆ ತಡೆಯಲಾರದೆ ಮೇಲೊಂದು ಬಂಗಲೆ ಕಟ್ಟಿಸಿಕೊಂಡಿದ್ದರು. ಬೇಸಿಗೆ ಕಳೆಯುವ ಪ್ಲಾನು ಅದು. ಬೆಟ್ಟಕ್ಕೆ ಅದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ.

ಎರಡನೆಯ ಪ್ಲಾನು ಮಾತ್ರ ನೆಲದೊಳಗಿನದು. 1913ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ ಅವರು ಈ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ ಎಂದು ಗುರುತಿಸಿದರು. ಅದಿರು ಬೇಕಾದಷ್ಟಿತ್ತು, ಆದರೆ ಸತ್ವ ಕಡಿಮೆ. ಅಗೆದದ್ದರಲ್ಲಿ ಕಬ್ಬಿಣಕ್ಕಿಂತ ಬೇಡದ ಕಲ್ಲುಮಣ್ಣೇ ಹೆಚ್ಚು. ಅದನ್ನು ಪುಡಿ ಮಾಡಿ, ನೀರಿನಲ್ಲಿ ತೊಳೆದು, ಬೇರ್ಪಡಿಸಿದರೆ ಮಾತ್ರ ಮಾರಾಟಕ್ಕೆ ಯೋಗ್ಯ. ಹಾಗಾಗಿ ದಶಕಗಳ ಕಾಲ ಅದು ಕಾಗದದ ಮೇಲೇ ಉಳಿಯಿತು.

1969ರಲ್ಲಿ ಸುಮಾರು 4,600 ಹೆಕ್ಟೇರಿಗೆ 30 ವರ್ಷಗಳ ಗಣಿ ಗುತ್ತಿಗೆ ಸಿಕ್ಕಿತು. 1975ರಲ್ಲಿ ಇರಾನಿನ ಜತೆ ಒಪ್ಪಂದವಾಯಿತು. ತೈಲದ ದುಡ್ಡು ತುಂಬಿ ತುಳುಕುತ್ತಿದ್ದ ಷಾ ಅವರ ಸರ್ಕಾರ 63 ಕೋಟಿ ಡಾಲರ್ ಸಾಲ ಕೊಡುವುದು, ನಾವು ವರ್ಷಕ್ಕೆ 75 ಲಕ್ಷ ಟನ್ ಶುದ್ಧ ಮಾಡಿದ ಅದಿರು ಕಳಿಸುವುದು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಅಗೆಯುವುದು ಘಟ್ಟದಲ್ಲಿ, ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲಿ.

ಆ ಕೆಲಸದ ಗಾತ್ರ ನೆನೆಸಿಕೊಂಡರೆ ಈಗಲೂ ಬೆರಗಾಗುತ್ತದೆ. ವರ್ಷದಲ್ಲಿ ಆರೇಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ ರಸ್ತೆ, ಕಾರ್ಖಾನೆ, ಒಂದು ಇಡೀ ಟೌನ್‌ಶಿಪ್. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸುವ ವ್ಯವಸ್ಥೆ. ತೊಳೆದು ಉಳಿದ ಕೆಸರಿಗೆ ಲಕ್ಯಾ ಹೊಳೆಗೆ ಅಡ್ಡಲಾಗಿ ಅಣೆಕಟ್ಟು. ಇಷ್ಟೆಲ್ಲ ಸಿದ್ಧವಾಗುವ ಹೊತ್ತಿಗೆ ಟೆಹರಾನಿನಲ್ಲಿ ಕ್ರಾಂತಿಯಾಯಿತು. 1979ರಲ್ಲಿ ಷಾ ದೇಶ ಬಿಟ್ಟರು. ಸಾಲದ ಹಣ ಪೂರ್ತಿ ಬರಲಿಲ್ಲ, ಅದಿರು ಕೊಳ್ಳಬೇಕಾದವರೂ ಕೈಬಿಟ್ಟರು. ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಕಂಪನಿ ಅಗೆಯುತ್ತಲೇ ಹೋಯಿತು. ಸಾವಿರಾರು ಮನೆಗಳ ಒಲೆ ಅದರಿಂದ ಉರಿಯಿತು ಅನ್ನೋದನ್ನೂ ಮರೆಯುವ ಹಾಗಿಲ್ಲ.

ಅದೇ ಕಾಲದಲ್ಲಿ ಇನ್ನೊಬ್ಬರು ಇದೇ ಕಾಡನ್ನು ಬೇರೆ ಲೆಕ್ಕ ಹಿಡಿದು ಸುತ್ತುತ್ತಿದ್ದರು. 1983–84ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸಿಂಗಳೀಕಗಳ ಸಮೀಕ್ಷೆ ಮಾಡಿದರು. ಸಿಂಗಳೀಕ ಅಂದರೆ ಮುಖದ ಸುತ್ತ ಬೂದು ಕೇಸರವಿರುವ, ಮರದಿಂದ ಕೆಳಗಿಳಿಯುವುದೇ ಅಪರೂಪವಾದ ಕರಿ ಕೋತಿ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅವುಗಳಿಗೆ ಒಳ್ಳೆಯ ನೆಲೆ ಇಲ್ಲಿದೆ, ಇದನ್ನು ಕಾಪಾಡಬೇಕು ಎಂಬ ಶಿಫಾರಸಿನ ಬೆನ್ನಿಗೇ 1987ರಲ್ಲಿ ಸರ್ಕಾರ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ನಡುವೆ ಗಣಿ, ಸುತ್ತಲೂ ಉದ್ಯಾನ! ಒಂದೇ ಬೆಟ್ಟಕ್ಕೆ ಒಂದೇ ಸರ್ಕಾರ ಹಾಕಿದ ಎರಡು ಪ್ಲಾನು.

ಎರಡೂ ಒಟ್ಟಿಗೆ ಬಾಳುವುದು ಸಾಧ್ಯವಿರಲಿಲ್ಲ, ಯಾಕೆಂದರೆ ಇದು ನೀರಿನ ಬೆಟ್ಟ. ಮೇಲೆ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಮಳೆಗಾಲದಲ್ಲಿ ಕುಡಿದ ನೀರನ್ನು ಈ ಜೋಡಿ ಬೇಸಿಗೆಯವರೆಗೂ ನಿಧಾನಕ್ಕೆ ಬಿಡುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವುದು ಇದೇ ಉದ್ಯಾನದಲ್ಲಿ. ಗುಡ್ಡ ಬಗೆದ ಕಡೆ ಮಳೆ ಹೊಡೆದರೆ ಮಣ್ಣು ಭದ್ರೆಗೆ. ಭದ್ರೆ ಕೆಂಪಾದರೆ ಅದು ಕಳಸದವರ ತಲೆನೋವು ಮಾತ್ರವಲ್ಲ, ಕೆಳಗೆ ಅಣೆಕಟ್ಟಿನ ನೀರು ನಂಬಿದ ದಾವಣಗೆರೆಯ ಗದ್ದೆಯವರದ್ದೂ ಹೌದು.

1999ರಲ್ಲಿ ಗುತ್ತಿಗೆ ಮುಗಿಯಿತು. ಕಂಪನಿ ನವೀಕರಣ ಕೇಳಿತು. ಊರುಗಳಲ್ಲಿ ಸಭೆ, ಪಾದಯಾತ್ರೆ, ವಿರೋಧ. ನಾಗರಹೊಳೆಯಲ್ಲಿ ರೇಂಜರ್ ಆಗಿ ಹೆಸರು ಮಾಡಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು: ಈಗಾಗಲೇ ಅಗೆದಿರುವ ಕಡೆ ಮಾತ್ರ, ಅದೂ 2005ರ ಕೊನೆಯವರೆಗೆ. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಟೌನ್‌ಶಿಪ್ ಖಾಲಿಯಾಗುತ್ತಾ ಬಂತು. ಲಕ್ಯಾ ಅಣೆಕಟ್ಟಿನ ಹಿಂದೆ ಕೋಟಿಗಟ್ಟಲೆ ಟನ್ ಕೆಸರು ಈಗಲೂ ಇದೆ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ ವಿಶ್ವ ಪರಂಪರೆಯ ತಾಣಗಳಲ್ಲಿ ಕುದುರೆಮುಖವನ್ನೂ ಸೇರಿಸಿತು.

ಕಾಡು ಗೆದ್ದಿತು, ಕಥೆ ಮುಗಿಯಿತು ಅಂತ ಇಲ್ಲಿಗೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಈ ಎಲ್ಲ ಪ್ಲಾನುಗಳ ನಡುವೆ ಯಾರೂ ಕೇಳದೆ ಸಿಕ್ಕಿಹಾಕಿಕೊಂಡವರು ಒಳಗಿದ್ದ ಜನ. ಮಲೆಕುಡಿಯರು, ಗೌಡಲು ಸಮುದಾಯದವರು, ಸಣ್ಣ ಗದ್ದೆ ತೋಟದವರು. ಗಣಿ ಬರುವ ಮೊದಲೂ ಅವರು ಅಲ್ಲೇ ಇದ್ದರು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನವೆಂದರೆ ದನ ಮೇಯಿಸುವ ಹಾಗಿಲ್ಲ, ಒಳಗಿನವರ ಹಕ್ಕುಗಳನ್ನು ಇತ್ಯರ್ಥ ಮಾಡಿ ಮುಗಿಸಬೇಕು. ಕಂಪನಿಗೆ ಗುಡ್ಡ ಬಗೆಯಲು ಅವಕಾಶವಿದ್ದ ಕಾಡಿನಲ್ಲೇ ನಮ್ಮ ದನಕ್ಕೆ ಹುಲ್ಲಿಲ್ಲವೇ ಎಂದು ಅವರು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಕೆಲವರು ಪರಿಹಾರ ತೆಗೆದುಕೊಂಡು ಹೊರಗೆ ಬಂದರು. ಕೆಲವರು ಉಳಿದರು. ಬೆಟ್ಟ ಹತ್ತುವಾಗ ಗೈಡ್ ತೋರಿಸುವ ‘ಲೋಬೋ ಮನೆ’ಯ ಪಾಳುಗೋಡೆ ಹಿಂದೊಮ್ಮೆ ಇಲ್ಲಿ ಬೇಸಾಯವಿತ್ತು ಅನ್ನುವುದಕ್ಕೆ ಸಾಕ್ಷಿ. ನಮಗೆ ನೀರು ದೋಸೆ ಬಡಿಸುವ ಹೋಂಸ್ಟೇ, ಮುಂದೆ ನಡೆಯುವ ಗೈಡ್, ಜೀಪಿನ ಡ್ರೈವರ್ ಎಲ್ಲರೂ ಬಹುಪಾಲು ಈ ಸುತ್ತಿನ ಮನೆಗಳವರೇ.

ಈಗ ನಮ್ಮ ಪ್ಲಾನಿಗೆ ಬರೋಣ. 2024ರ ಜನವರಿಯ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ನುಗ್ಗಿದ ವಿಡಿಯೊ ನೋಡಿರ್ತೀರಿ, ತಿರುಪತಿ ಕ್ಯೂ ಥರ. ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಕುದುರೆಮುಖಕ್ಕೆ ದಿನಕ್ಕೆ 300 ಜನರ ಮಿತಿ ಬಂತು. ನಮ್ಮದು ಗಣಿಯಲ್ಲ ನಿಜ. ಆದರೆ ಶೋಲಾ ಹುಲ್ಲಿನ ಮೇಲೆ ಸಾವಿರ ಜೊತೆ ಶೂ ಒಂದೇ ಸಾಲಿನಲ್ಲಿ ನಡೆದರೆ ಮಳೆಗಾಲಕ್ಕೆ ಅಲ್ಲೊಂದು ಕೊರಕಲು ಬೀಳುತ್ತದೆ, ಮಣ್ಣು ಅದೇ ಭದ್ರೆಗೆ ಇಳಿಯುತ್ತದೆ.

ಹಾಗಾಗಿ ಹೊರಡುವ ಮುಂಚೆ ಇಷ್ಟು ಮಾಡಿ. ಟಿಟಿಗೆ ಅಡ್ವಾನ್ಸ್ ಕೊಡುವ ಮೊದಲು ಬುಕಿಂಗ್ ಆಗಿದೆಯಾ ನೋಡಿಕೊಳ್ಳಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದುಂಟು, ವಿಚಾರಿಸಿ. ಮಳೆಗಾಲವಾದರೆ ಇಂಬಳ ಕಚ್ಚುತ್ತದೆ, ಉಪ್ಪೋ ಹೊಗೆಸೊಪ್ಪೋ ಇಟ್ಟುಕೊಳ್ಳಿ. ಮೇಲೆ ಟೆಂಟ್ ಹಾಕುವ ಹಾಗಿಲ್ಲ, ಬೆಳಗ್ಗೆ ಬೇಗ ಹತ್ತಿ ಕತ್ತಲಾಗುವ ಮುಂಚೆ ಇಳಿಯಬೇಕು. ಪ್ಲಾಸ್ಟಿಕ್ ತೆಗೆದುಕೊಂಡು ಹೋದರೆ ವಾಪಸ್ ತನ್ನಿ. ಗೈಡ್ ಹತ್ತಿರ ಫೋಟೊ ತೆಗೆಸಿಕೊಳ್ಳೋದರ ಜತೆಗೆ ಅವರ ಅಜ್ಜನ ಕಾಲದಲ್ಲಿ ಇಲ್ಲಿ ಹೇಗಿತ್ತು ಅಂತಲೂ ಕೇಳಿ.

ಮತ್ತೆ, ನಿಮಗೆ ಬೇಕಾದ ಶನಿವಾರ ಭರ್ತಿಯಾಗಿದೆ ಅಂತ ಬಂದರೆ ಇಲಾಖೆಯನ್ನು ಬೈಯಬೇಡಿ. ಮುಂದಿನ ವಾರಕ್ಕೆ ನೋಡಿ.