ದೌಲತಾಬಾದಿನ ದ್ರಾಕ್ಷಿ, ನಾಸಿಕದ ಗುಟುಕು



ಜನವರಿ ಬಂತೆಂದರೆ ಮುಂಬಯಿ, ಪುಣೆಯ ನಮ್ಮ ಕನ್ನಡಿಗರ ಬಳಗದಲ್ಲಿ ಒಂದು ಮಾತು ಏಳುತ್ತದೆ: ‘ಈ ಶನಿವಾರ ನಾಸಿಕಕ್ಕೆ ಹೋಗಿ ಬರೋಣವೇ?’ ಮೊದಲೆಲ್ಲ ನಾಸಿಕ ಅಂದರೆ ಪಂಚವಟಿ, ತ್ರ್ಯಂಬಕೇಶ್ವರ, ಗೋದಾವರಿ ಸ್ನಾನ. ಈಗ ಅದೇ ಪಟ್ಟಿಗೆ ದ್ರಾಕ್ಷಿ ತೋಟವೂ ಸೇರಿಕೊಂಡಿದೆ. ಬೆಳಿಗ್ಗೆ ದೇವರ ದರ್ಶನ, ಸಂಜೆ ವೈನಿನ ರುಚಿ. ಎರಡನ್ನೂ ಒಂದೇ ದಿನ ಮುಗಿಸಿ, ಮನೆಯ ಹಿರಿಯರಿಗೆ ಮೊದಲಿನದನ್ನು ಮಾತ್ರ ವರದಿ ಮಾಡಿದವರೂ ನಮ್ಮಲ್ಲಿದ್ದಾರೆ!

ಹೋದ ಸಲ ನಾವು ಹೋದಾಗ ವಿಜಯಪುರ ಕಡೆಯ ನಮ್ಮ ಕಾಕಾ ಜೊತೆಗಿದ್ದರು. ಮೂವತ್ತು ವರ್ಷ ಥಾಮ್ಸನ್ ದ್ರಾಕ್ಷಿ ಬೆಳೆದವರು. ವೈನ್ ಮುಟ್ಟುವವರಲ್ಲ, ತೋಟ ನೋಡಲೆಂದೇ ಬಂದಿದ್ದರು. ಸಾಲಿನ ನಡುವೆ ಬಗ್ಗಿ ಒಂದು ಗೊನೆ ಹಿಡಿದು ನೋಡಿ, “ಏನಪಾ ಇದು, ಕಾಳು ಕಾಳು ಅದಾವು! ನಮ್ಮ ಸಂತ್ಯಾಗ ಇವನ್ನ ಯಾರು ತೊಗೋತಾರ?” ಅಂದರು. ತೋಟ ತೋರಿಸುತ್ತಿದ್ದ ಹುಡುಗ ವಿವರಿಸಿದ. ಕೆಂಪು ವೈನಿಗೆ ಬಣ್ಣ, ಒಗರು ಎರಡೂ ಬರುವುದು ಸಿಪ್ಪೆಯಿಂದ. ಹಣ್ಣು ಸಣ್ಣದಿದ್ದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಹೆಚ್ಚು. ಕಾಕಾ ತಲೆಯಾಡಿಸಿ ಇನ್ನೊಂದು ಪ್ರಶ್ನೆ ಕೇಳಿದರು: “ಕಂಪನ್ಯಾವ್ರು ತೊಗೊಳ್ಳಲಿಲ್ಲಂದ್ರ ರೈತ ಏನ್ ಮಾಡಬೇಕು?” ಹುಡುಗ ನಕ್ಕು ಸುಮ್ಮನಾದ. ನನಗೆ ಮಾತ್ರ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ನಮ್ಮ ದೇಶದ ವೈನಿನ ಇತಿಹಾಸವೆಲ್ಲ ಅದರ ಸುತ್ತಲೇ ತಿರುಗುತ್ತದೆ.

ದ್ರಾಕ್ಷಿ ಮದ್ಯ ನಮಗೆ ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕೆಲಸ ಹೇಳುವ ಅಧ್ಯಾಯವಿದೆ. ಅಲ್ಲಿ ದ್ರಾಕ್ಷಾರಸದ ಮದ್ಯಕ್ಕೆ ‘ಮಧು’ ಎಂದು ಹೆಸರು. ಅದರಲ್ಲಿ ಕಾಪಿಶಾಯನ, ಹಾರಹೂರಕ ಎಂದು ಎರಡು ಬಗೆ, ಎರಡೂ ಹುಟ್ಟಿದ ನಾಡಿನಿಂದ ಬಂದ ಹೆಸರುಗಳು. ಕಾಪಿಶಿ ಇದ್ದದ್ದು ಈಗಿನ ಕಾಬೂಲಿನ ಉತ್ತರಕ್ಕೆ. ಊರಿನ ಹೆಸರಲ್ಲೇ ವೈನನ್ನು ಗುರುತಿಸುವ ಪದ್ಧತಿಯನ್ನು ಫ್ರಾನ್ಸಿನವರು ಶುರುಮಾಡಿದರು ಅಂದುಕೊಂಡಿದ್ದರೆ, ಇದನ್ನೊಮ್ಮೆ ನೆನಪಿಸಿಕೊಳ್ಳಿ.

ಇನ್ನು ದಖನ್ನಿನ ದ್ರಾಕ್ಷಿ. 14ನೇ ಶತಮಾನದಲ್ಲಿ ದೌಲತಾಬಾದಿಗೆ ಬಂದ ಪ್ರವಾಸಿ ಇಬ್ನ್ ಬತೂತ, ಅಲ್ಲಿ ದ್ರಾಕ್ಷಿ ಮತ್ತು ದಾಳಿಂಬೆ ವರ್ಷಕ್ಕೆ ಎರಡು ಸಲ ಫಲ ಕೊಡುತ್ತವೆ ಎಂದು ಬರೆದಿಟ್ಟಿದ್ದಾನೆ. ಅವನಿಗೆ ಅಚ್ಚರಿಯಾದದ್ದು ಸಹಜ. ಚಳಿ ದೇಶದಲ್ಲಿ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಚಳಿಗಾಲವಿಡೀ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೇ ನಮ್ಮ ರೈತರು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ. ಏಪ್ರಿಲಿನ ಹೊತ್ತಿಗೆ ಒಂದು, ಕಡ್ಡಿ ಬೆಳೆಯಲಿ ಅಂತ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಂದು, ಹಣ್ಣು ಬರಲಿ ಅಂತ. ಯುರೋಪಿನಲ್ಲಿ ಶರತ್ಕಾಲದಲ್ಲಿ ನಡೆಯುವ ಕೊಯ್ಲು ನಮ್ಮಲ್ಲಿ ಜನವರಿಯಿಂದ ಮಾರ್ಚಿನೊಳಗೆ ನಡೆಯುವುದಕ್ಕೆ ಕಾರಣ ಇದೇ.

ಹೈದರಾಬಾದಿನ ಕೇಳುಗರು ಬೇಸರಿಸಬಾರದು, ‘ಅನಾಬ್-ಎ-ಶಾಹಿ’ ನಿಮ್ಮೂರಿನದೇ ಹೆಮ್ಮೆ. ಬೆಂಗಳೂರಿಗೆ ‘ಬೆಂಗಳೂರು ಬ್ಲೂ’. ದಪ್ಪ ಸಿಪ್ಪೆಯ ಈ ಕಪ್ಪು ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಗೋವಾದಲ್ಲಿ ‘ಪೋರ್ಟ್’ ಅಂತ ಮಾರುವ ಸಿಹಿ ವೈನಿಗೂ ಬಹಳ ಕಾಲದಿಂದ ಇದೇ ಹಣ್ಣು ಹೋಗುತ್ತಿದೆ. ಆದರೆ ಒಣ ವೈನಿಗೆ ಇದು ಒಗ್ಗದು. ಅದರ ಘಾಟು ಗ್ಲಾಸಿನಲ್ಲಿ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಹೀಗೆ ಹಣ್ಣು ಇತ್ತು, ಬೆಳೆಯುವ ಕೈಗಳಿದ್ದವು. ಇಲ್ಲದ್ದು ಕುಡಿಯುವವರು. 1949ರ ಮುಂಬಯಿ ಪಾನನಿರೋಧ ಕಾಯ್ದೆ ಬಂದ ಮೇಲಂತೂ ಆ ಪ್ರಾಂತ್ಯದಲ್ಲಿ ವೈನ್ ತಯಾರಿಕೆಯ ಮಾತೇ ಇಲ್ಲದಂತಾಯಿತು. ನಿಯಮಗಳು ಸಡಿಲಗೊಂಡ ಎಷ್ಟೋ ವರ್ಷದ ಮೇಲೆ, 1980ರ ದಶಕದಲ್ಲಿ, ಪುಣೆ–ನಾಸಿಕ ರಸ್ತೆಯ ನಾರಾಯಣಗಾಂವದಲ್ಲಿ ಶ್ಯಾಮರಾವ್ ಚೌಗುಲೆ ‘ಶಾತೋ ಇಂಡೇಜ್’ ಶುರುಮಾಡಿದರು. ಫ್ರಾನ್ಸಿನ ಷಾಂಪೇನ್ ತಜ್ಞರ ನೆರವಿನಿಂದ ತಯಾರಾದ ಅವರ ನೊರೆ ವೈನ್ ‘ಒಮರ್ ಖಯ್ಯಾಮ್’ ಹೊರದೇಶಗಳಿಗೂ ಹೋಯಿತು.

ನಮ್ಮ ಕಡೆ ಈ ಸಾಹಸ ಮಾಡಿದವರು ಕನ್ವಲ್ ಗ್ರೋವರ್. ಷಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್ ಎಂಬ ತಜ್ಞರನ್ನು ಜೊತೆಗಿಟ್ಟುಕೊಂಡು ಅವರು ದೇಶದಲ್ಲಿ ಜಾಗ ಹುಡುಕಿದರು. ಕೊನೆಗೆ ಒಪ್ಪಿಗೆಯಾದದ್ದು ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲು. ಸುಮಾರು 900 ಮೀಟರ್ ಎತ್ತರ, ರಾತ್ರಿ ತಂಪು. 1988ರಲ್ಲಿ ಫ್ರೆಂಚ್ ತಳಿಗಳ ಬಳ್ಳಿ ನೆಟ್ಟು, 1992ರಲ್ಲಿ ಮೊದಲ ವೈನ್ ಮಾರುಕಟ್ಟೆಗೆ ತಂದರು.

ನಾಸಿಕದ ಸರದಿ ಬಂದದ್ದು ಆಮೇಲೆ. ಅಮೆರಿಕದಲ್ಲಿ ಓದಿ, ಕೆಲಸ ಮಾಡಿ ಮರಳಿದ ರಾಜೀವ್ ಸಾಮಂತ್ ಮನೆತನದ ಜಮೀನಿನಲ್ಲಿ ದ್ರಾಕ್ಷಿ ಹಾಕಿ, ಕ್ಯಾಲಿಫೋರ್ನಿಯಾದ ತಜ್ಞ ಕೆರಿ ಡ್ಯಾಮ್‌ಸ್ಕಿ ಜೊತೆ ‘ಸುಲಾ’ ಕಟ್ಟಿದರು. 2000ದಲ್ಲಿ ಮೊದಲ ಬಾಟಲಿ ಹೊರಬಂತು. 2001ರಲ್ಲಿ ಮಹಾರಾಷ್ಟ್ರ ಸರಕಾರ ದ್ರಾಕ್ಷಿ ಸಂಸ್ಕರಣೆಯ ನೀತಿ ತಂದು, ಅಬಕಾರಿ ಸುಂಕದಿಂದ ವೈನಿಗೆ ವಿನಾಯಿತಿ ಕೊಟ್ಟಿತು. ಆಮೇಲೆ ಕೇಳಬೇಕೆ? ನಾಸಿಕ, ಸಾಂಗ್ಲಿ ಕಡೆ ಸಾಲುಸಾಲು ವೈನರಿಗಳು ಎದ್ದವು. ಊಟದ ದ್ರಾಕ್ಷಿ ಕಿತ್ತು ವೈನ್ ದ್ರಾಕ್ಷಿ ಹಾಕಿದ ರೈತರು ಎಷ್ಟೋ.

2008 ಬಂತು. ಜಗತ್ತಿಗೆಲ್ಲ ಆರ್ಥಿಕ ಹಿಂಜರಿತ. ನವೆಂಬರಿನಲ್ಲಿ ಮುಂಬಯಿಯ ಮೇಲೆ ಉಗ್ರರ ದಾಳಿ, ದೊಡ್ಡ ಹೋಟೆಲುಗಳೇ ಗುರಿಯಾದವು. ವೈನ್ ಹೆಚ್ಚಾಗಿ ಖರ್ಚಾಗುತ್ತಿದ್ದದ್ದೂ ಅಂಥ ಹೋಟೆಲುಗಳಲ್ಲೇ. ಟ್ಯಾಂಕುಗಳಲ್ಲಿ ವೈನ್ ಹಾಗೇ ಉಳಿಯಿತು, ಹೊಸ ಹಣ್ಣು ಕೊಳ್ಳುವವರಿಲ್ಲ. ಆ ಹೊತ್ತಿಗೆ ವಿದೇಶದಲ್ಲೂ ಕಂಪನಿಗಳನ್ನು ಕೊಂಡಿದ್ದ ಇಂಡೇಜ್ ಸಾಲದಲ್ಲಿ ಮುಳುಗಿತು. ನಾಸಿಕದಲ್ಲಿ ರೈತರು ತಾವೇ ನೆಟ್ಟ ಬಳ್ಳಿಗಳನ್ನು ಕಿತ್ತು ಹಾಕಿದರು. ಥಾಮ್ಸನ್ ದ್ರಾಕ್ಷಿಗೆ ಬೆಲೆ ಬಿದ್ದರೆ ಶೆಡ್ಡಿನಲ್ಲಿ ಒಣಗಿಸಿ ಒಣದ್ರಾಕ್ಷಿ ಮಾಡಬಹುದು. ಬೀಜ ತುಂಬಿದ ಶಿರಾಜ್ ಕಾಳನ್ನು ಏನು ಮಾಡುವುದು? ಕಾಕಾ ಕೇಳಿದ್ದು ಇದನ್ನೇ.

ನನಗನ್ನಿಸುವಂತೆ, ಆ ಹೊಡೆತ ತಾಳಿಕೊಳ್ಳಲು ನಾಸಿಕಕ್ಕೆ ನೆರವಾದದ್ದರಲ್ಲಿ ರುಚಿಕೋಣೆಯ ಪಾಲು ದೊಡ್ಡದು. ಸುಲಾ ತನ್ನ ತೋಟದಲ್ಲೇ ರುಚಿಕೋಣೆ ತೆರೆದದ್ದು 2005ರಲ್ಲಿ. ಕುಡಿಯುವವರು ಸಿಗದಿದ್ದರೆ ಅವರನ್ನು ತೋಟಕ್ಕೇ ಕರೆಸುವ ಉಪಾಯ! ಬಂದವರಿಗೆ ಐದಾರು ಗ್ಲಾಸುಗಳಲ್ಲಿ ಚೂರು ಚೂರು ಸುರಿದು ಕೊಟ್ಟು, ನೋಡಿ, ಗ್ಲಾಸು ತಿರುಗಿಸಿ, ಮೂಗು ಒಳಗಿಟ್ಟು ಮೂಸಿ, ಆಮೇಲೆ ಗುಟುಕಿಸಿ ಎಂದು ಕಲಿಸುತ್ತಾರೆ. ನುಂಗಲೇಬೇಕೆಂದಿಲ್ಲ, ಉಗುಳಲು ಪಾತ್ರೆ ಇರುತ್ತದೆ. ನಮ್ಮವರಿಗೆ ಉಗುಳಲು ಮನಸ್ಸು ಬಾರದು, ದುಡ್ಡು ಕೊಟ್ಟಿದ್ದೇವಲ್ಲ! ಬಿಳಿಯಿಂದ ಶುರುಮಾಡಿ ಕೆಂಪಿಗೆ ಬನ್ನಿ, ಸಿಹಿಯದನ್ನು ಕೊನೆಗೆ ಇಟ್ಟುಕೊಳ್ಳಿ. ಉಲ್ಟಾ ಮಾಡಿದರೆ ಉಳಿದದ್ದೆಲ್ಲ ಹುಳಿ ನೀರು.

ನನ್ನ ಆಯ್ಕೆ ಕೇಳುತ್ತೀರಾ? ನಾಸಿಕದಲ್ಲಿ ಶೆನಿನ್ ಬ್ಲಾಂಕ್, ನಮ್ಮ ಖಾರದ ತಿಂಡಿಗೆ ಅದರ ಚೂರು ಸಿಹಿ ಸರಿಹೊಂದುತ್ತದೆ. ಕೆಂಪಿನಲ್ಲಾದರೆ ನಂದಿ ತಪ್ಪಲಿನ ‘ಲಾ ರಿಸರ್ವ್’. ಚೆನ್ನೈನವರು ಬೆಂಗಳೂರಿಗೆ ಬಂದಾಗ ಅಲ್ಲಿಗೆ ಹೋಗಿಬರಬಹುದು. ಮೊದಲೇ ಫೋನ್ ಮಾಡಿ ಹೋಗಿ, ಗಾಡಿ ಓಡಿಸುವವರೊಬ್ಬರು ಕುಡಿಯದೇ ಇರಲಿ.

ಕಾಕಾ ಅಂದು ಒಂದು ಹನಿಯನ್ನೂ ಬಾಯಿಗೆ ಹಾಕಲಿಲ್ಲ. ಹುಡುಗ ಬಲವಂತ ಮಾಡಿದ್ದಕ್ಕೆ ಸೊವಿನ್ಯೋನ್ ಬ್ಲಾಂಕ್ ಗ್ಲಾಸನ್ನು ಮೂಗಿನ ಹತ್ತಿರ ತಂದು, “ಇದರಾಗ ಪ್ಯಾರಲ ಹಣ್ಣಿನ ವಾಸನಿ ಐತಲಾ!” ಅಂದರು. ಹುಡುಗ ಕಣ್ಣರಳಿಸಿದ. ಎರಡೆರಡು ಸಲ ಮೂಸಿದ್ದ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಕಾಕಾ ಗ್ಲಾಸು ಕೆಳಗಿಟ್ಟು, ಅಕ್ಟೋಬರ್ ಚಾಟ್ನಿ ಯಾವ ವಾರ ಮಾಡ್ತೀರಿ ಎಂದು ವಿಚಾರಿಸತೊಡಗಿದರು.