ಹಿಂಸೆಯ ತಮಾಷೆಗೆ ಎಷ್ಟು ಆಯುಷ್ಯ?

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಗಾದೆ. ವೀಡಿಯೊ ಗೇಮ್‌ಗಳ ಅರ್ಧ ಶತಮಾನದ ಚರಿತ್ರೆಯನ್ನು ತಿರುವಿ ಹಾಕುವಾಗ ಈ ಗಾದೆ ಮತ್ತೆ ಮತ್ತೆ ನೆನಪಾಗುತ್ತದೆ. ರಕ್ತ ಚಿಮ್ಮುವುದನ್ನೇ ನಗೆಯ ವಸ್ತುವಾಗಿಸಿ, ಸಭ್ಯತೆಯ ಗೆರೆಯನ್ನು ಬೇಕೆಂದೇ ದಾಟಿ, ಕೊನೆಗೆ ‘ಇದೆಲ್ಲ ಬರೀ ತಮಾಷೆ’ ಎಂದು ಕೈತೊಳೆದುಕೊಳ್ಳುವ ಆಟಗಳ ಒಂದು ಪರಂಪರೆಯೇ ಅಲ್ಲಿದೆ. 1990ರ ದಶಕದಲ್ಲಿ ಅವನ್ನು ಆಡಿ ಬಿದ್ದು ಬಿದ್ದು ನಕ್ಕ ಹುಡುಗರು ಇಂದು ನಡುವಯಸ್ಸಿನ ತಂದೆಯರು. ಅವೇ ಆಟಗಳು ಹೊಸ ಬಣ್ಣ ಬಳಿದುಕೊಂಡು ಮತ್ತೆ ಮಾರುಕಟ್ಟೆಗೆ ಬಂದಿವೆ. ಆ ನಗು ಮಾತ್ರ ಮೊದಲಿನಂತೆ ಬರುತ್ತಿದೆಯೇ? ಇಲ್ಲವಾದರೆ ಹಳಸಿದ್ದು ಯಾವುದು? ಈ ಪ್ರಶ್ನೆ ಆಡಿದವರದು ಮಾತ್ರವಲ್ಲ, ಆ ತಮಾಷೆಗಳಲ್ಲಿ ಇಲಿಯ ಪಾತ್ರ ಪಡೆದವರದೂ ಹೌದು.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಇಂತಹ ಆಟಗಳು ಮಕ್ಕಳನ್ನು ಕೊಲೆಗಾರರನ್ನಾಗಿ ಮಾಡುತ್ತವೆ ಎಂಬ ಆರೋಪ ಹಳೆಯದು. ಆದರೆ ಹಿಂಸೆಯ ಗೇಮ್‌ಗಳಿಗೂ ನಿಜಜೀವನದ ಹಿಂಸಾಕೃತ್ಯಗಳಿಗೂ ಕಾರ್ಯಕಾರಣ ಸಂಬಂಧವಿದೆ ಎನ್ನಲು ಸಾಕಷ್ಟು ವೈಜ್ಞಾನಿಕ ಪುರಾವೆ ಇಲ್ಲವೆಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಪ್ರಮುಖ ಸಂಘಟನೆಯಾದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್ 2020ರಲ್ಲಿ ಹೇಳಿದೆ. ಆದ್ದರಿಂದ ಆ ಹಳೆಯ ಆರೋಪವನ್ನು ನಾವಿಲ್ಲಿ ಮತ್ತೆ ಹೊರಿಸುತ್ತಿಲ್ಲ. ನಮ್ಮ ಪ್ರಶ್ನೆ ಬೇರೆ. ಆ ನಗು ಯಾವ ಆಧಾರದ ಮೇಲೆ ನಿಂತಿತ್ತು?

ಸಿಟ್ಟಾದವರೇ ಜಾಹೀರಾತು

1976ರಲ್ಲಿ ಅಮೆರಿಕದ ಎಕ್ಸಿಡಿ ಎಂಬ ಕಂಪೆನಿ ‘ಡೆತ್ ರೇಸ್’ ಎಂಬ ಆಟವನ್ನು ಹೊರತಂದಿತು. ಅದು ನಾಣ್ಯ ಹಾಕಿ ಆಡುವ ಯಂತ್ರ. ಕಪ್ಪುಬಿಳುಪು ಪರದೆಯ ಮೇಲೆ ಕಡ್ಡಿಯಂತಹ ಆಕೃತಿಗಳು ಓಡಾಡುತ್ತವೆ. ಆಟಗಾರ ಕಾರಿನಿಂದ ಅವನ್ನು ಗುದ್ದಬೇಕು. ಗುದ್ದಿದೊಡನೆ ಒಂದು ಚೀತ್ಕಾರ, ಆ ಜಾಗದಲ್ಲಿ ಶಿಲುಬೆಯಾಕಾರದ ಒಂದು ಗೋರಿಕಲ್ಲು. ಇವು ಮನುಷ್ಯರಲ್ಲ, ‘ಗ್ರೆಮ್ಲಿನ್’ ಎಂಬ ಪಿಶಾಚಿಗಳು ಎಂದು ಕಂಪೆನಿ ಸಮಜಾಯಿಷಿ ನೀಡಿತು. ಅಲ್ಲಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಆಟವನ್ನು ಖಂಡಿಸಿತು, ಪತ್ರಿಕೆಗಳೂ ಟಿ.ವಿ.ಯೂ ಅದನ್ನು ಎತ್ತಿಕೊಂಡವು. ಪರಿಣಾಮವಾಗಿ ಯಂತ್ರಗಳಿಗೆ ಬೇಡಿಕೆ ಹೆಚ್ಚಿತು. ಹಿರಿಯರ ಸಿಟ್ಟು ಖರ್ಚಿಲ್ಲದ ಜಾಹೀರಾತು ಎಂಬ ಪಾಠವನ್ನು ಉದ್ಯಮ ಅಂದೇ ಕಲಿತಿತು.

1992ರಲ್ಲಿ ಬಂದ ‘ಮಾರ್ಟಲ್ ಕಾಂಬ್ಯಾಟ್’ ಸೋತ ಎದುರಾಳಿಯನ್ನು ಭೀಕರವಾಗಿ ಕೊಲ್ಲುವುದನ್ನೇ ಆಕರ್ಷಣೆಯಾಗಿಸಿತು. 1993ರ ಡಿಸೆಂಬರ್‌ನಲ್ಲಿ ಅಮೆರಿಕದ ಸೆನೆಟ್ ವೀಡಿಯೊ ಗೇಮ್‌ಗಳ ಬಗ್ಗೆ ವಿಚಾರಣೆ ನಡೆಸಿತು. ಮರುವರ್ಷ ಆಟಗಳಿಗೆ ವಯೋಮಿತಿಯ ಮುದ್ರೆ ಒತ್ತುವ ಮಂಡಳಿಯನ್ನು ಉದ್ಯಮವೇ ರಚಿಸಿಕೊಂಡಿತು. ಇದೇ ಅವಧಿಯಲ್ಲಿ ಬಂದ ಆ ಆಟದ ಎರಡನೆಯ ಭಾಗದಲ್ಲಿ ಗೆದ್ದವನು ಸೋತವನನ್ನು ಕೊಲ್ಲುವ ಬದಲು ‘ಫ್ರೆಂಡ್‌ಶಿಪ್’ ಎಂದು ಉಡುಗೊರೆ ಕೊಡುವ, ಕುಣಿಯುವ ಅವಕಾಶವಿತ್ತು. ಅದು ಪಶ್ಚಾತ್ತಾಪವಾಗಿರಲಿಲ್ಲ. ಟೀಕಾಕಾರರನ್ನು ನೋಡಿ ಮಾಡಿದ ಅಣಕವಾಗಿತ್ತು.

ಈ ಕಲೆ ಪೂರ್ಣವಾಗಿ ಪಳಗಿದ್ದು 1997ರಲ್ಲಿ. ಅದೊಂದೇ ವರ್ಷ ಇಂತಹ ಮೂರು ಆಟಗಳು ಬಂದವು. ಸ್ಕಾಟ್‌ಲೆಂಡಿನ ಡಂಡೀ ನಗರದಲ್ಲಿ ತಯಾರಾದ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಬಿಡುಗಡೆಯ ಮುನ್ನವೇ ಸುದ್ದಿಯಾಗಲೆಂದು ಮ್ಯಾಕ್ಸ್ ಕ್ಲಿಫರ್ಡ್ ಎಂಬ ಹೆಸರಾಂತ ಪ್ರಚಾರತಜ್ಞನನ್ನು ನೇಮಿಸಿಕೊಳ್ಳಲಾಯಿತು. ರಾಜಕಾರಣಿಗಳನ್ನೂ ಪತ್ರಿಕೆಗಳನ್ನೂ ಆಟದ ವಿರುದ್ಧ ಕೆರಳಿಸುವುದೇ ಆತನ ಕೆಲಸ. ಇಂಗ್ಲೆಂಡಿನ ‘ಕಾರ್ಮಗೆಡ್ಡಾನ್’ ಪಾದಚಾರಿಗಳನ್ನು ಕಾರಿನಡಿ ಹಾಕಿದ್ದಕ್ಕೆ ಹೆಚ್ಚುವರಿ ಸಮಯವನ್ನು ಬಹುಮಾನವಾಗಿ ಕೊಡುತ್ತಿತ್ತು. ಬ್ರಿಟನ್ನಿನ ಚಲನಚಿತ್ರ ವರ್ಗೀಕರಣ ಮಂಡಳಿ ಅದಕ್ಕೆ ಪ್ರಮಾಣಪತ್ರ ನಿರಾಕರಿಸಿದಾಗ ಪಾದಚಾರಿಗಳನ್ನು ಹಸಿರು ರಕ್ತದ ಪ್ರೇತಗಳನ್ನಾಗಿ ಬದಲಿಸಿ ಮಾರಲಾಯಿತು. ಮೇಲ್ಮನವಿಯಲ್ಲಿ ಗೆದ್ದ ಬಳಿಕ ಕೆಂಪು ರಕ್ತ ಮರಳಿತು. ಮೂರನೆಯದು ಅಮೆರಿಕದ ಅರಿಝೋನಾದ ‘ಪೋಸ್ಟಲ್’. 1986ರಲ್ಲಿ ಒಕ್ಲಹೋಮಾದ ಎಡ್ಮಂಡ್ ಎಂಬಲ್ಲಿ ಅಂಚೆ ನೌಕರನೊಬ್ಬ 14 ಮಂದಿ ಸಹೋದ್ಯೋಗಿಗಳನ್ನು ಕೊಂದು ತಾನೂ ಸತ್ತಿದ್ದ. ಅದು ಮತ್ತು ಅಂಥವೇ ಇತರ ಘಟನೆಗಳ ಬಳಿಕ, ಹುಚ್ಚೆದ್ದು ಸಿಕ್ಕಸಿಕ್ಕವರ ಮೇಲೆ ಬೀಳುವುದಕ್ಕೆ ಅಮೆರಿಕದ ಆಡುಮಾತಿನಲ್ಲಿ ‘ಗೋಯಿಂಗ್ ಪೋಸ್ಟಲ್’ ಎಂಬ ಮಾತು ಹುಟ್ಟಿತು. ಆಟದ ಹೆಸರು ಬಂದದ್ದು ಅಲ್ಲಿಂದ. ಅಂಚೆ ಇಲಾಖೆ ಹೂಡಿದ ಮೊಕದ್ದಮೆ 2003ರಲ್ಲಿ ವಜಾ ಆಯಿತು.

2011ರ ಜೂನ್

ಈ ತಮಾಷೆಯ ಮೊದಲ ಆಧಾರ ಮುನಿಸಿಕೊಳ್ಳುವ ಹಿರಿಯ. ಆತ ಬೈಯಬೇಕು, ಹುಡುಗ ನಗಬೇಕು. ಆತ ಸುಮ್ಮನಾದರೆ? ಇದಕ್ಕೆ ಚರಿತ್ರೆಯೇ ಒಂದು ವಿಚಿತ್ರ ಉತ್ತರ ನೀಡಿದೆ. ಹಿಂಸೆಯ ಆಟಗಳನ್ನು ಅಪ್ರಾಪ್ತರಿಗೆ ಮಾರುವುದನ್ನು ನಿಷೇಧಿಸಿದ್ದ ಕ್ಯಾಲಿಫೋರ್ನಿಯಾದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರ ಜೂನ್ 27ರಂದು ಏಳಕ್ಕೆ ಎರಡು ಮತಗಳಿಂದ ರದ್ದುಪಡಿಸಿತು. ಪುಸ್ತಕ, ನಾಟಕ, ಸಿನಿಮಾಗಳಿಗಿರುವ ರಕ್ಷಣೆಯೇ ಗೇಮ್‌ಗಳಿಗೂ ಉಂಟೆಂದು ತೀರ್ಪು ಹೇಳಿತು. ಬೈಯುವ ಹಿರಿಯ ನ್ಯಾಯಾಲಯದಲ್ಲಿ ಸೋತಿದ್ದ.

ಅದೇ ತಿಂಗಳು ‘ಡ್ಯೂಕ್ ನ್ಯೂಕೆಮ್ ಫಾರೆವರ್’ ಬಿಡುಗಡೆಯಾಗಿತ್ತು. ಬಾಯಲ್ಲಿ ಸಿಗಾರ್ ಕಚ್ಚಿ, ಕೊಲ್ಲುತ್ತಾ ಚಟಾಕಿ ಹಾರಿಸುತ್ತಾ, ಹೆಣ್ಣುಗಳನ್ನು ಸರಕಿನಂತೆ ಕಾಣುವ ಈ ನಾಯಕ 1996ರ ಆಟದಲ್ಲಿ ಜಗತ್ತಿನಾದ್ಯಂತ ಜನಪ್ರಿಯನಾಗಿದ್ದ. ಮುಂದಿನ ಭಾಗವನ್ನು 1997ರಲ್ಲಿ ಘೋಷಿಸಲಾಗಿತ್ತು. ಅದು ಕೈಸೇರುವಾಗ 14 ವರ್ಷ ಕಳೆದಿತ್ತು. ಅದೇ ನಾಯಕ, ಅದೇ ಚಟಾಕಿ. ಈ ಬಾರಿ ವಿಮರ್ಶಕರು ಮುಖ ಸಿಂಡರಿಸಿದರು. ಅನ್ಯಗ್ರಹಜೀವಿಗಳು ಸೆರೆಹಿಡಿದ ಹೆಂಗಸರು ನರಳುವ ದೃಶ್ಯದ ನಡುವೆ ನಾಯಕ ಹಾರಿಸುವ ಹಾಸ್ಯ ಅವರಿಗೆ ಅಸಹ್ಯ ತರಿಸಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹಾಗೆ ಹೇಳಿದವರು ಮಡಿವಂತ ಹಿರಿಯರಾಗಿರಲಿಲ್ಲ. ಅವರೇ ಆಟಗಾರರು, 1996ರಲ್ಲಿ ನಕ್ಕ ಪೀಳಿಗೆಯವರು. ತಡೆಯುವವರು ಇಲ್ಲವಾದ ಮೇಲೆ ಗೆರೆ ದಾಟುವುದರಲ್ಲಿ ಸಾಹಸವೇನೂ ಉಳಿಯಲಿಲ್ಲ. ಉಳಿದದ್ದು ತಮಾಷೆ ಮಾತ್ರ, ಅದರಲ್ಲೋ ಹುರುಳಿರಲಿಲ್ಲ.

ಅಸಂಭವವು ಸುದ್ದಿಯಾದಾಗ

ಎರಡನೆಯ ಆಧಾರ, ‘ಇದು ನಿಜವಾಗಿ ಎಲ್ಲಿ ನಡೆಯುತ್ತದೆ?’ ಎಂಬ ನೆಮ್ಮದಿ. ಜನಸಂದಣಿಯ ಮೇಲೆ ವಾಹನ ಹರಿಸುವುದು 1997ರ ಬಹುತೇಕ ಆಟಗಾರರಿಗೆ ವ್ಯಂಗ್ಯಚಿತ್ರದಷ್ಟೇ ಅಸಂಭವವಾಗಿತ್ತು. ‘ಕಾರ್ಮಗೆಡ್ಡಾನ್’ಗೆ ಮರುಹುಟ್ಟು ನೀಡಲು ಅದರ ನಿರ್ಮಾಪಕರು 2012ರಲ್ಲಿ ಅಭಿಮಾನಿಗಳಿಂದಲೇ ಹಣ ಸಂಗ್ರಹಿಸಿದರು. ಅದರ ಪರಿಷ್ಕೃತ ರೂಪ 2016ರಲ್ಲಿ ಬಂದಿತು. ಅದೇ ವರ್ಷ ಜುಲೈ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ ಹಬ್ಬದ ಸಂಭ್ರಮದಲ್ಲಿದ್ದ ಜನರ ಮೇಲೆ ಟ್ರಕ್ ಹರಿದು 86 ಮಂದಿ ಸತ್ತರು. 2021ರ ಜೂನ್‌ನಲ್ಲಿ ಕೆನಡಾದ ಲಂಡನ್ ಎಂಬ ಊರಿನಲ್ಲಿ ಸಂಜೆ ವಾಯುವಿಹಾರಕ್ಕೆ ಹೊರಟಿದ್ದ ಒಂದು ಮುಸ್ಲಿಂ ಕುಟುಂಬದ ಮೇಲೆ ಒಬ್ಬಾತ ಬೇಕೆಂದೇ ಪಿಕಪ್ ವಾಹನ ಹರಿಸಿದ. ಅಜ್ಜಿ, ಮಗ, ಸೊಸೆ, ಮೊಮ್ಮಗಳು ಸತ್ತು, ಒಂಬತ್ತು ವರ್ಷದ ಹುಡುಗನೊಬ್ಬ ಬದುಕುಳಿದ. ನೀಸ್‌ನ ಕೊಲೆಗಾರನ ಕೃತ್ಯವನ್ನು ಐಸಿಸ್ ತನ್ನದೆಂದಿತು, ಕೆನಡಾದ ಕೊಲೆಗಾರ ಮುಸ್ಲಿಮರನ್ನೇ ಹುಡುಕಿ ಕೊಂದ. ಇವೆರಡಕ್ಕೂ ಆ ಆಟ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಇಂತಹ ಸುದ್ದಿ ಓದಿದವನಿಗೆ ಪಾದಚಾರಿಯನ್ನು ಗುದ್ದಿದರೆ ಬಹುಮಾನ ಎಂಬ ತಮಾಷೆ ಮೊದಲಿನಂತೆ ಕಾಣಲಾರದು. ಆಟ ಬದಲಾಗಲಿಲ್ಲ, ಅದರ ಸುತ್ತಲಿನ ಜಗತ್ತು ಬದಲಾಯಿತು.

ಅಂಗಡಿಯ ಹಬೀಬ್

ಮೂರನೆಯ ಆಧಾರ ಎಲ್ಲಕ್ಕಿಂತ ಮುಖ್ಯವಾದುದು. ಯಾರನ್ನು ಕುರಿತು ನಗುತ್ತೇವೆಯೋ ಆತ ಆ ಕೋಣೆಯಲ್ಲಿ ಇರಬಾರದು. ಇದ್ದರೆ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

2002ರ ‘ಗ್ರ್ಯಾಂಡ್ ಥೆಫ್ಟ್ ಆಟೋ: ವೈಸ್ ಸಿಟಿ’ಯಲ್ಲಿ ಮಯಾಮಿಯನ್ನು ಹೋಲುವ ನಗರದ ಗ್ಯಾಂಗುಗಳ ಕಾಳಗವಿದೆ. ಅದರಲ್ಲಿ ಹೈಟಿ ದೇಶದವರನ್ನು ಕೊಲ್ಲುವಂತೆ ಹೇಳುವ ಮಾತು ಬರುತ್ತದೆ. 2003ರಲ್ಲಿ ನ್ಯೂಯಾರ್ಕ್ ಮತ್ತು ಫ್ಲೋರಿಡಾದ ಹೈಟಿ ಮೂಲದವರು ಬೀದಿಗಿಳಿದರು. ಅದು ಕಥೆಯೊಳಗಿನ ಪಾತ್ರಗಳ ಮಾತೆಂದು ಕಂಪೆನಿ ವಾದಿಸಿತಾದರೂ ಮುಂದಿನ ಪ್ರತಿಗಳಲ್ಲಿ ಅದನ್ನು ತೆಗೆಯಲು ಒಪ್ಪಿತು. ಇಲಿ ಬಾಗಿಲು ತಟ್ಟಿ ಒಳಗೆ ಬಂದ ಪ್ರಸಂಗವಿದು.

ಅದೇ 2003ರ ಏಪ್ರಿಲ್‌ನಲ್ಲಿ, ಅಮೆರಿಕದ ಸೇನೆ ಬಾಗ್ದಾದಿಗೆ ನುಗ್ಗಿದ್ದ ದಿನಗಳಲ್ಲಿ, ‘ಪೋಸ್ಟಲ್ 2’ ಬಂದಿತು. ಅದರಲ್ಲಿ ನಾಯಕ ಹಾಲು ಕೊಳ್ಳಲು ಹೋಗುವ ಅಂಗಡಿಯ ಹೆಸರು ‘ಲಕ್ಕಿ ಗಣೇಶ್’, ಅದರ ಮಾಲಿಕನ ಹೆಸರು ಹಬೀಬ್. ಆಟದ ಶತ್ರುಗಳಲ್ಲಿ ತಾಲಿಬಾನ್ ವೇಷದವರೂ ಇದ್ದಾರೆ. ಗಣೇಶನ ಬೋರ್ಡಿನ ಕೆಳಗೆ ಹಬೀಬನನ್ನು ಕೂರಿಸಿದ್ದು ನಿರ್ಮಾಪಕರಿಗೆ ಪೂರ್ವದವರೆಲ್ಲ ಒಂದೇ ಎಂಬ ಮೇಲ್ಪದರದ ತಮಾಷೆಯಾಗಿದ್ದಿರಬಹುದು. ಆದರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರ ಪಾಲಿಗೆ ಈ ಗೊಂದಲ ಏನಾಗಿತ್ತು ಎಂಬುದಕ್ಕೆ ದಾಖಲೆಗಳಿವೆ. ಆಟ ಬರುವುದಕ್ಕೆ 19 ತಿಂಗಳ ಮುಂಚೆ, 2001ರ ಸೆಪ್ಟೆಂಬರ್ 15ರಂದು, ಅದೇ ಅರಿಝೋನಾ ರಾಜ್ಯದ ಮೆಸಾದಲ್ಲಿ ಬಲ್ಬೀರ್ ಸಿಂಗ್ ಸೋಧಿ ಎಂಬ ಸಿಖ್ಖರನ್ನು ಅವರ ಪೆಟ್ರೋಲ್ ಬಂಕಿನ ಎದುರೇ ಗುಂಡಿಟ್ಟು ಕೊಲ್ಲಲಾಯಿತು. ಪೇಟ ಮತ್ತು ಗಡ್ಡ ಕಂಡು ಕೊಂದವನು ಅವರನ್ನು ಅರಬನೆಂದುಕೊಂಡಿದ್ದ. ಅದೇ ದಿನ ಟೆಕ್ಸಾಸಿನ ಡಲ್ಲಾಸಿನಲ್ಲಿ ಪಾಕಿಸ್ತಾನ ಮೂಲದ ಮುಸ್ಲಿಂ ದಿನಸಿ ಅಂಗಡಿಕಾರನೊಬ್ಬ, ಮೂರು ವಾರಗಳ ನಂತರ ಹತ್ತಿರದ ಮೆಸ್ಕೀಟಿನಲ್ಲಿ ಭಾರತ ಮೂಲದ ಹಿಂದೂ ಬಂಕ್ ಮಾಲಿಕನೊಬ್ಬ ಒಬ್ಬನೇ ಹಂತಕನ ಗುಂಡಿಗೆ ಬಲಿಯಾದರು. ಇವೆರಡರ ನಡುವೆ ಅದೇ ಹಂತಕನ ಗುಂಡು ತಿಂದು ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡ ಬಾಂಗ್ಲಾದೇಶದ ರಯೀಸ್ ಭುಯ್ಯಾ, 2011ರಲ್ಲಿ ಆತನ ಮರಣದಂಡನೆ ತಪ್ಪಿಸಲು ನ್ಯಾಯಾಲಯದವರೆಗೂ ಹೋದರು. ಶಿಕ್ಷೆ ತಪ್ಪಲಿಲ್ಲ. ಆದರೆ ಗಲ್ಲಾಪೆಟ್ಟಿಗೆಯ ಹಿಂದಿದ್ದ ಮನುಷ್ಯ ಎಂಥವನೆಂಬುದು ಜಗತ್ತಿಗೆ ಗೊತ್ತಾಯಿತು. ಹಬೀಬ್ ಎಂಬ ಪಾತ್ರದಲ್ಲಿ ಇಲ್ಲದ್ದು ಆ ಮನುಷ್ಯನೇ.

ನಮ್ಮ ಸೈಬರ್ ಕೆಫೆಗಳಲ್ಲಿ

ಈ ಚರಿತ್ರೆಯ ಒಂದು ಎಳೆ ನಮ್ಮ ಊರುಗಳಿಗೂ ಬಂದಿದೆ. 2000ದ ದಶಕದಲ್ಲಿ ‘ವೈಸ್ ಸಿಟಿ’ಯ ನಕಲಿ ಸಿ.ಡಿ.ಗಳು ನಮ್ಮ ಪೇಟೆಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು, ಸೈಬರ್ ಕೆಫೆಗಳಲ್ಲಿ ಹುಡುಗರು ಗಂಟೆಗಿಷ್ಟು ಕೊಟ್ಟು ಅದನ್ನು ಆಡುತ್ತಿದ್ದರು. ಆ ಆಟದೊಳಗಿನ ರೇಡಿಯೊ ಕಾರ್ಯಕ್ರಮಗಳು 1980ರ ದಶಕದ ಅಮೆರಿಕದ ದುರಾಸೆಯನ್ನು, ಜಾಹೀರಾತಿನ ಹುಚ್ಚನ್ನು ಚೆನ್ನಾಗಿಯೇ ಗೇಲಿ ಮಾಡುತ್ತವೆ. ಆದರೆ ವೇಗದ ಇಂಗ್ಲಿಷಿನ ಆ ಗೇಲಿ ನಮ್ಮ ಬಹುಪಾಲು ಹುಡುಗರಿಗೆ ಎಲ್ಲಿ ಅರ್ಥವಾಗಬೇಕು? ಅವರಿಗೆ ತಲುಪಿದ್ದು ಕಾರು, ಕೋವಿ ಮತ್ತು ಓಡಿಹೋಗುವ ಜನ. ವಿಡಂಬನೆಗೆ ಭಾಷೆ ಬೇಕು, ಊರಿನ ಪರಿಚಯ ಬೇಕು. ಗುದ್ದಾಟಕ್ಕೆ ಇವಾವುದೂ ಬೇಡ. ‘ಅದು ವಿಡಂಬನೆ, ನಿಮಗೆ ಅರ್ಥವಾಗಿಲ್ಲ’ ಎನ್ನುವವರು ಈ ಅಂಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉಳಿದುಕೊಂಡ ನಗು

ಹಾಗಾದರೆ ಕರಾಳ ಹಾಸ್ಯವೇ ಬೇಡವೇ? ಹಾಗೆನ್ನಲಾಗದು. 1997ರಲ್ಲೇ ಬಂದ ‘ಫಾಲ್‌ಔಟ್’ ಅಣುಯುದ್ಧದಲ್ಲಿ ಸುಟ್ಟುಹೋದ ಜಗತ್ತಿನ ಕಥೆ. ಅಲ್ಲಿ ಹೆಬ್ಬೆರಳು ಎತ್ತಿ ಮುಗುಳ್ನಗುವ ಒಂದು ಜಾಹೀರಾತು ಬೊಂಬೆಯಿದೆ. ಅಣುಬಾಂಬಿನ ಕಾಲದಲ್ಲೂ ಎಲ್ಲ ಸರಿಯಿದೆಯೆಂದು ಜನರನ್ನು ನಂಬಿಸಿದ 1950ರ ದಶಕದ ಅಮೆರಿಕದ ಮೇಲೆ ಅದು ಮಾಡುವ ವ್ಯಂಗ್ಯ. ಆ ಆಟ 2024ರಲ್ಲಿ ಟಿ.ವಿ. ಸರಣಿಯಾಗಿ ಹೊಸ ಪೀಳಿಗೆಯನ್ನೂ ತಲುಪಿತು. 2007ರ ‘ಪೋರ್ಟಲ್’ನಲ್ಲಿ ಪ್ರಯೋಗಾಲಯದ ಯಂತ್ರವೊಂದು ಕೇಕ್ ಕೊಡುವೆನೆಂದು ನಯವಾಗಿ ಮಾತಾಡುತ್ತಲೇ ನಮ್ಮನ್ನು ಸಾವಿನ ಬಾಯಿಗೆ ದೂಡುತ್ತದೆ. ಕಚೇರಿಯ ಸಿಹಿಮಾತಿನ ಸುತ್ತೋಲೆ ಓದಿದ ಯಾರಿಗೂ ಅದು ಇಂದಿಗೂ ನಗು ತರಿಸುತ್ತದೆ. ‘ಪೋಸ್ಟಲ್ 2’ರಲ್ಲೂ ಅಂತಹ ಜಾಗವಿದೆ. ಬ್ಯಾಂಕಿನಲ್ಲಿ ಉದ್ದನೆಯ ಸರತಿಯಲ್ಲಿ ನಿಂತು ಕಾಯುವುದು ಆ ಆಟದ ಒಂದು ಭಾಗ. ಯಾರನ್ನೂ ಕೊಲ್ಲದೆ ತಾಳ್ಮೆಯಿಂದಲೂ ಆಟ ಮುಗಿಸಬಹುದು. ಅದರಲ್ಲಿ ಹಳಸದೆ ಉಳಿದದ್ದು ಈ ಸರತಿಯ ಹಾಸ್ಯವೇ ಎಂದು ನಮಗನಿಸುತ್ತದೆ. ಏಕೆಂದರೆ ಆ ಸರತಿಯಲ್ಲಿ ನಾವೂ ನಿಂತಿದ್ದೇವೆ, ಅಲ್ಲಿ ಸಂಕಟಪಡುವ ಇಲಿ ನಾವೇ. ಆ ಸರಣಿಯ ನಾಲ್ಕನೆಯ ಭಾಗ 2022ರಲ್ಲಿ ಬಂದಾಗ ಹಳೆಯ ಅಸಭ್ಯತೆಯನ್ನೇ ನೆಚ್ಚಿಕೊಂಡಿತ್ತು. ವಿಮರ್ಶಕರು ಅದನ್ನು ಮೆಚ್ಚಲಿಲ್ಲ.

ಇನ್ನು ಹಳೆಯ ಆಟಗಳನ್ನು ಏನು ಮಾಡಬೇಕು? ಅಮೆರಿಕದ ಶೀತಲಸಮರದ ಭಯವನ್ನು ಗೇಲಿ ಮಾಡಿದ 2005ರ ‘ಡಿಸ್ಟ್ರಾಯ್ ಆಲ್ ಹ್ಯೂಮನ್ಸ್’ 2020ರಲ್ಲಿ ಮತ್ತೆ ಬಂದಾಗ ಒಂದು ಸೂಚನೆಯೊಂದಿಗೆ ಆರಂಭವಾಯಿತು. ಕಥೆಯನ್ನೂ ಮಾತುಗಳನ್ನೂ ಹೆಚ್ಚುಕಡಿಮೆ ಹಿಂದಿನಂತೆಯೇ ಉಳಿಸಿದ್ದೇವೆ, ಇಂದಿನವರಿಗೆ ಆಘಾತವಾಗಬಹುದು ಎಂಬುದು ಅದರ ಸಾರ. ನಮಗೆ ಇದೇ ಸರಿಯಾದ ದಾರಿಯೆನಿಸುತ್ತದೆ. ಜೀವಂತ ಸಮುದಾಯವೊಂದನ್ನು ಕೊಲ್ಲಿರೆನ್ನುವ ಮಾತನ್ನು ಮಾರಾಟದ ಪ್ರತಿಯಿಂದ ತೆಗೆಯಬೇಕೆಂದು ಹೈಟಿಯವರು ಕೇಳಿದ್ದು ನ್ಯಾಯವೇ. ಉಳಿದದ್ದನ್ನು ಅಳಿಸಿಹಾಕಿದರೆ, ಒಂದು ಕಾಲ ಯಾರನ್ನು ನೋಡಿ ನಕ್ಕಿತ್ತು ಎಂಬ ದಾಖಲೆಯೇ ಇಲ್ಲವಾಗುತ್ತದೆ. ಹಬೀಬ್ ಅಲ್ಲೇ ಇರಲಿ. ಮಗ ಆ ಆಟವನ್ನು ಹಾಕಿ ಕೂತರೆ ತಂದೆ ಕಂಪ್ಯೂಟರ್ ಆಫ್ ಮಾಡುವುದಕ್ಕಿಂತ ಪಕ್ಕದಲ್ಲಿ ಕೂತು, ಈ ಅಂಗಡಿಯವನು ಯಾರು, ಇವನನ್ನು ನೋಡಿ ನಗಬೇಕೆಂದು ಯಾರು ತೀರ್ಮಾನಿಸಿದರು ಎಂದು ಕೇಳುವುದು ಮೇಲು. ಮೆಸಾದ ಆ ಪೆಟ್ರೋಲ್ ಬಂಕಿನ ಸಂಗತಿಯನ್ನು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗಲಾರದು.